ತುಕಾ ಪಳೈತಾಂ

ಕಾಲೇಜಿನಲ್ಲಿ ಮೇಷ್ಟ್ರು ಕೊಟ್ಟ ಉದಾಹರಣೆ: ಗಂಗೆಯ ಮೇಲೆ ಹಳ್ಳಿ.
ನೀರಿನ ಮೇಲೆ ಊರು ನಿಲ್ಲದು, ಆದ್ದರಿಂದ
ಗಂಗೆ ಎಂದರೆ ಇಲ್ಲಿ ಗಂಗೆಯ ದಡ;
ಮಾತು ಮುಗ್ಗರಿಸಿದಲ್ಲಿ ಲಕ್ಷಣೆ ಕೈ ಹಿಡಿಯುತ್ತದೆ.
ಹಿಂದಿನ ಬೆಂಚಿನಿಂದ ನಾನೆಂದೆ: ಸರ್, ನಮ್ಮನೆ ಕೋಡಿಬಾಗ.
ಆಷಾಢದ ಉಬ್ಬರಕ್ಕೆ ಕಾಳಿ ಮಂಚದ ಕೆಳಗೇ ಬರುತ್ತಾಳೆ,
ಚಪ್ಪಲಿ ತೇಲುತ್ತವೆ. ನಮಗೆ ಅಭಿಧೆಯೇ ಸಾಕು.
ಕ್ಲಾಸು ನಕ್ಕಿತು.
ಮೇಷ್ಟ್ರು ನಗಲಿಲ್ಲ, ಹಾಜರಿ ಪುಸ್ತಕದ ಅಂಚಿನಲ್ಲಿ ಏನೋ ಬರೆದುಕೊಂಡರು.

ಈಗ ನನ್ನ ಕೆಲಸ ಕಾರವಾರದ ಕೋರ್ಟಿನಲ್ಲಿ.
ಕೊಂಕಣಿ ಕಿವಿಯಿಂದ ಹೊಕ್ಕು ಕನ್ನಡವಾಗಿ ಬಾಯಿಂದ ಬೀಳಬೇಕು,
ದಿನಕ್ಕಿಷ್ಟು ಭತ್ಯೆ.
ಹತ್ತೊಂಬತ್ತು ವರ್ಷಕ್ಕೆ ಕಲಿತದ್ದು ಕಡಿಮೆ:
ಬಾಂಗ್ಡೊ ಎಂಬ ಸದ್ದಿನಲ್ಲಿ ಮುಳ್ಳಿಲ್ಲ, ಹುರುಪೆ ಇಲ್ಲ;
ತಾರ್ಲೊ ಅಲ್ಲ, ಇಸೋಣ ಅಲ್ಲ ಎನ್ನುವುದರಲ್ಲೇ ಅದರ ಬಾಳು.
ಹೆಸರು ಬದಲಿಸಿದರೆ ಮೀನಿಗೆ ಏನೂ ಆಗದು,
ಬುಟ್ಟಿ ಹೊತ್ತವಳಿಗೆ ಆಗುತ್ತದೆ.
ಥಂಯ್, ಅಲ್ಲಿ, ಎಂದು ಸಾಕ್ಷಿ ಗದ್ದ ಎತ್ತಿ ತೋರಿಸುತ್ತಾನೆ;
ದಾಖಲೆಗೆ ಗದ್ದವಿಲ್ಲ.
ನಾನು ಕೇಳಬೇಕು: ಯಾವ ಅಲ್ಲಿ? ನಿಮ್ಮದೋ, ಸತ್ತವನದೋ?

ರುಕ್ಮಾ ತಾಂಡೇಲ್, ಅರವತ್ತಮೂರು, ಬೈತಖೋಲ.
ನೆರೆಮನೆಯ ಪುಂಡಲೀಕನಿಗೆ ಬಂದರಿನಲ್ಲಿ ಎಲ್ಲರೆದುರು
ಎರಡೇ ಶಬ್ದ ಹೇಳಿದ್ದಾಳೆ: ತುಕಾ ಪಳೈತಾಂ.
ಮೂರನೆಯ ರಾತ್ರಿ ಅವನ ದೋಣಿ ಸುಟ್ಟಿದೆ.

ಅಂದರೇನು? ವಕೀಲರು ಕೇಳಿದರು.
ನಿನ್ನ ನೋಡುತ್ತೇನೆ.
ಬರೇ ನೋಡಲಿಕ್ಕೆ ಆ ಮೆಟ್ಟಿಲು ಇಳಿದು ಬಂದಳೋ?

ಅವತ್ತಿಗೆ ಹುಡುಗನ ತಾಯಿ ತೀರಿ ಹನ್ನೊಂದು ದಿನವಂತೆ.
ಬಲೆ ಹರಿದ ಜಗಳವೂ ಅವತ್ತೇ ಅಂತೆ.
ತಾಯಿ ಇಲ್ಲದವನಿಗೆ ಹೇಳಿದ್ದಾದರೆ ಅದು ಅನ್ನ,
ಬಲೆ ಹರಿದವನಿಗಾದರೆ ಬೆಂಕಿಕಡ್ಡಿ.
ಇಬ್ಬರೂ ಒಬ್ಬನೇ.
ಐದು ಮಂದಿ ಶಬ್ದ ಕೇಳಿದ್ದಾರೆ, ಪ್ರಮಾಣ ಮಾಡಿ ಹೇಳಿದ್ದಾರೆ.
ಟ್ರಾಲರಿನ ಇಂಜಿನ್ನಿಗೆ ರಾಗ ಮಾತ್ರ ಯಾರಿಗೂ ಕೇಳಲಿಲ್ಲ:
ಕೊನೆಯ ಅಕ್ಷರ ಎಳೆದಳೋ, ಕಡಿದಳೋ.

ಒಂದೇ ಅರ್ಥ ಹೇಳಿ, ಎಂದರು ಬೀದರ ಕಡೆಯ ನ್ಯಾಯಾಧೀಶರು.
ನಾನು ನೀರು ಕುಡಿದೆ. ಲೋಟ ಇಟ್ಟೆ. ಮತ್ತೆ ಎತ್ತಿದೆ.
ಸಲಹುತ್ತೇನೆ ಎಂದರೆ ಮುದುಕಿ ಮನೆಗೆ,
ತೋರಿಸುತ್ತೇನೆ ಎಂದರೆ ಮುದುಕಿ ಒಳಗೆ.
ನನ್ನ ನಾಲಿಗೆಗೆ ಅಷ್ಟು ತೂಕ ಯಾರು ಕಟ್ಟಿದರು?
ವ್ಯಾಕರಣ ಕಾಪಾಡಿತು. ನೋಡು ಎಂಬುದರ ಹಿಂದೆ
ಕೊಳ್ಳು ಎಂಬ ಆ ಸಣ್ಣ ಬಾಲ,
ಕೂಸನ್ನೂ ನೋಡಿಕೊಳ್ಳಬಹುದು, ಹಗೆಯನ್ನೂ.
ಹೇಳಿದೆ: ನಿನ್ನನ್ನು ನೋಡಿಕೊಳ್ಳುತ್ತೇನೆ.

ಬೆರಳಚ್ಚಿನವ ಟಕಟಕ ಹೊಡೆದ.
ಸಾಹೇಬರು ಕನ್ನಡಕ ತೆಗೆದರು:
ಏನಮ್ಮಾ, ಇದಕ್ಕೂ ಎರಡು ಆಗ್ತಾವಲ್ಲ?
ಹೌದು ಸ್ವಾಮಿ. ಆಕೆಯ ಬಾಯಲ್ಲಿ ಎಷ್ಟಿತ್ತೋ ಅಷ್ಟು ತಂದಿದ್ದೇನೆ,
ದಾರಿಯಲ್ಲಿ ಒಂದನ್ನೂ ಚೆಲ್ಲಿಲ್ಲ.
ಅವರು ಬಹಳ ಹೊತ್ತು ಕಿಟಕಿ ನೋಡಿದರು.
ಅದು ಮೆಚ್ಚುಗೆಯೋ, ಬೇಸರವೋ,
ಮೌನವನ್ನು ಅನುವಾದಿಸಲು ನನಗೆ ಭತ್ಯೆ ಇಲ್ಲ.
ತಾರೀಖು ಮುಂದಕ್ಕೆ ಹೋಯಿತು.

ಸಂಜೆ ಗೇಟಿನಲ್ಲಿ ರುಕ್ಮಾ ನಿಂತಿದ್ದಳು.
ನನ್ನ ತೋಳು ಹಿಡಿದಳು. ಬಿಸಿಲು ಅವಳ ಬೆನ್ನಿಗೆ,
ಮುಖವೆಲ್ಲ ಕಪ್ಪು.
ಅವೇ ಎರಡು ಶಬ್ದ ಹೇಳಿ ಹೊರಟುಹೋದಳು.

ಬಸ್ಸಿನಲ್ಲಿ ಕಂಡಿತು, ತೋಳಿಗೊಂದು ಹುರುಪೆ ಅಂಟಿದೆ,
ಬೆಳಗಿನ ಮೀನಿನದು.
ಕೋಡಿಬಾಗ ಬರುವ ತನಕ
ತೆಗೆಯಬೇಕೋ ಬೇಡವೋ ತಿಳಿಯದೆ ಕೂತೆ.